ಶಿಲುಬೆಯ ಅರ್ಥವಿಚಾರ

ಶುಭ ಶುಕ್ರವಾರದ ದಿನ ನಮ್ಮ ಕಾಟಿಪಳ್ಳದಲ್ಲಿ ಇಗರ್ಜಿಯ ಗಂಟೆ ಮೌನವಾಗಿರುತ್ತದೆ. ಗುರುವಾರ ಸಂಜೆಯ ಪೂಜೆಯಲ್ಲಿ ಬಾರಿಸಿ ನಿಂತ ಗಂಟೆ ಮತ್ತೆ ದನಿಗೊಡುವುದು ಶನಿವಾರ ರಾತ್ರಿ, ಈಸ್ಟರಿನ ಜಾಗರಣೆಯಲ್ಲಿ. ನಡುವಣ ಹೊತ್ತಿನಲ್ಲಿ ಸೂಚನೆ ಬೇಕಾದಲ್ಲಿ ಮರದ ಹಲಗೆಗಳನ್ನು ಬಡಿಯುವುದು ರೋಮನ್ ಕೆಥೋಲಿಕ್ ಇಗರ್ಜಿಗಳ ಹಳೆಯ ವಾಡಿಕೆ. ಆ ಶುಕ್ರವಾರ ಬಲಿಪೂಜೆಯೂ ಇಲ್ಲ. ಪೀಠದ ಮೇಲಿನ ವಸ್ತ್ರವನ್ನೂ ತೆಗೆದಿರುತ್ತಾರೆ. ಯೇಸುವಿನ ಯಾತನೆಯ ವೃತ್ತಾಂತವನ್ನು ಓದಿ, ಮುಸುಕು ಸರಿಸಿದ ಶಿಲುಬೆಗೆ ಒಬ್ಬೊಬ್ಬರಾಗಿ ಬಂದು ಮುತ್ತಿಟ್ಟು, ಮಾತಿಲ್ಲದೆ ಮನೆಗೆ ಹೋಗುತ್ತಾರೆ.

ವಾಚಕರೆ, ಈ ಮೌನದ ಅರ್ಥವೇನೆಂದು ವಿಚಾರಿಸುವ ಮನಸ್ಸಾದುದು ನನಗೆ ಇಗರ್ಜಿಯಲ್ಲಿ ಅಲ್ಲ, ತರಗತಿಯಲ್ಲಿ. ಆ ರಜೆಗೆ ಕೆಲವು ದಿನ ಮೊದಲು ಒಂಬತ್ತನೆಯ ತರಗತಿಗೆ ವಿಭಕ್ತಿ ಪ್ರಕರಣವನ್ನು ಹೇಳಿಕೊಡುತ್ತಿದ್ದೆ. ಚತುರ್ಥಿಗೆ ಉದಾಹರಣೆ ಕೇಳಿದಾಗ ಕ್ರೈಸ್ತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಯೇಸು ನಮಗೋಸ್ಕರ ಸತ್ತರು" ಎಂದಳು. ಸರಿ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬಿಡಲಿಲ್ಲ. "ಸರ್, ನಮಗೋಸ್ಕರ ಎಂದರೆ ನಾವು ಕೇಳಿದ್ದೆವಾ? ನಮ್ಮ ಅಜ್ಜ ಬಂದರಿಗೋಸ್ಕರ ಮನೆ ಬಿಟ್ಟರು. ಅದೂ ಹೀಗೆಯೇ ಏನು?" ಎಂದು ಕೇಳಿದ. ಅಷ್ಟರಲ್ಲಿ ಅವಧಿ ಮುಗಿಯಿತು. ವ್ಯಾಕರಣಕ್ಕೆ ಅಂಕ ಕೊಟ್ಟು, ಅರ್ಥಕ್ಕೆ ಉತ್ತರ ಕೊಡದೆ ನಾನು ಹೊರಗೆ ಬಂದೆ.

ಹುಡುಗನ ಮಾತು ಕಾಟಿಪಳ್ಳವನ್ನು ಬಲ್ಲವರಿಗೆ ಒಡನೆಯೇ ತಿಳಿದೀತು. ೧೯೬೦ರ ದಶಕದಲ್ಲಿ ಪಣಂಬೂರಿನ ಕಡಲ ಕರೆಯಲ್ಲಿ ಹೊಸ ಬಂದರಿನ ಕೆಲಸ ನಡೆಯಿತು. ೧೯೭೪ರ ಮೇ ೪ರಂದು ಅದು ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು. ಬಂದರಿಗೆ ಬೇಕಾದ ನೆಲದಲ್ಲಿ ಗದ್ದೆ, ತೆಂಗಿನ ತೋಟ, ದೈವಸ್ಥಾನ, ಮನೆ ಮಾಡಿಕೊಂಡಿದ್ದವರಿಗೆ ಸುರತ್ಕಲ್ಲಿನ ಸಮೀಪದ ಕಾಟಿಪಳ್ಳ, ಕೃಷ್ಣಾಪುರಗಳ ಮುರಕಲ್ಲಿನ ಗುಡ್ಡಗಳಲ್ಲಿ ನಿವೇಶನಗಳು ದೊರೆತವು. ಇಂದಿಗೂ ಇಲ್ಲಿಯ ಭಾಗಗಳನ್ನು ಕರೆಯುವುದು ಬ್ಲಾಕಿನ ಸಂಖ್ಯೆಯಿಂದಲೇ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಮಾತುಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಊರಿದು. ಇಂಥ ಊರಿನ ಮಗುವಿಗೆ 'ಓಸ್ಕರ' ಎಂಬುದು ಬರಿಯ ವ್ಯಾಕರಣವಲ್ಲ. ಆದುದರಿಂದ ಆ ಪ್ರಶ್ನೆಯ ಜಾಡು ಹಿಡಿದು ನಾನು ಓದಿದುದನ್ನು ನಿಮ್ಮ ಮುಂದಿಡುತ್ತೇನೆ. ನಾನು ಆ ಮತದವನಲ್ಲ. ನೆರೆಮನೆಯಾತ ಎಷ್ಟು ತಿಳಿಯಬಹುದೋ ಅಷ್ಟನ್ನು ತಿಳಿಯಲು ಯತ್ನಿಸಿದವನು.

ಮೊದಲು ಪದವನ್ನೇ ನೋಡೋಣ. ಕನ್ನಡದ 'ಶಿಲುಬೆ' ಸಂಸ್ಕೃತದ 'ಶಿಲೆ'ಯಿಂದ ಬಂದುದಲ್ಲ. ಸುರಿಯಾನಿ ಭಾಷೆಯ 'ಸ್ಲೀಬಾ' ಎಂಬುದೇ ಅದರ ಮೂಲ. ಕೇರಳದ ಪ್ರಾಚೀನ ಕ್ರೈಸ್ತರ ಪೂಜಾಭಾಷೆ ಸುರಿಯಾನಿ, ತಮಿಳಿನಲ್ಲಿ ಅದೇ ಪದ 'ಸಿಲುವೈ' ಆಯಿತು, ನಮ್ಮಲ್ಲಿ 'ಶಿಲುಬೆ'. ಸುರಿಯಾನಿಯು ಅರಮೀಯ ಭಾಷೆಯ ಒಂದು ಕವಲು, ಯೇಸುವಿನ ಮನೆಮಾತೂ ಅರಮೀಯವೇ. ಕೊಂಕಣಿಯ ಕ್ರೈಸ್ತರು ಮಾತ್ರ 'ಖುರಿಸ್' ಎನ್ನುತ್ತಾರೆ. ಅದು ಪೋರ್ತುಗೀಜರ 'ಕ್ರೂಸ್'. ಅದರ ತಾಯಿ ಲ್ಯಾಟಿನಿನ 'ಕ್ರುಕ್ಸ್', ಎಂದರೆ ರೋಮನರ ಮಾತು. ಹೀಗೆ ನಮ್ಮ ಕರಾವಳಿಯ ಎರಡು ಪದಗಳಲ್ಲಿ ಒಂದು ಆ ಮರಕ್ಕೆ ಏರಿಸಲ್ಪಟ್ಟವನ ಭಾಷೆಯ ಬಳಗದ್ದು, ಇನ್ನೊಂದು ಏರಿಸಿದವರ ಭಾಷೆಯದು. ಎರಡು ಸಾವಿರ ವರ್ಷಗಳ ಹಿಂದಿನ ಆ ಮೊಕದ್ದಮೆಯ ಎರಡು ಪಕ್ಷಗಳೂ ನಮ್ಮ ಬೀದಿಯ ಮಾತಿನಲ್ಲಿ ಉಳಿದುಕೊಂಡಿವೆ ಎನ್ನಬಹುದು.

ಆ ಮೊಕದ್ದಮೆಯ ಸಂಗತಿಗಳು ಸ್ವಲ್ಪವೇ ಆದರೂ ಗಟ್ಟಿಯಾದವು. ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ, ಪೊಂತಿಯ ಪಿಲಾತನು ಯೂದಾಯದ ಅಧಿಕಾರಿಯಾಗಿದ್ದಾಗ, ಎಂದರೆ ಕ್ರಿ.ಶ. ೨೬ರಿಂದ ೩೬ರ ಒಳಗೆ, ಪಾಸ್ಕ ಹಬ್ಬದ ಸಮಯದ ಒಂದು ಶುಕ್ರವಾರ ಜೆರುಸಲೇಮಿನ ಹೊರಗೆ ಯೇಸುವಿಗೆ ಈ ಶಿಕ್ಷೆಯಾಯಿತು. ಕ್ರೈಸ್ತನಲ್ಲದ, ಕ್ರೈಸ್ತರ ಮೇಲೆ ಪ್ರೀತಿಯೂ ಇಲ್ಲದ ರೋಮನ್ ಇತಿಹಾಸಕಾರ ತಾಸಿತನು ಎರಡನೆಯ ಶತಮಾನದ ಆರಂಭದಲ್ಲಿ ಬರೆಯುತ್ತ ಪಿಲಾತನ ಹೆಸರು ಹಿಡಿದೇ ಈ ಮರಣದಂಡನೆಯನ್ನು ಪ್ರಸ್ತಾಪಿಸಿದ್ದಾನೆ.

ಶಿಲುಬೆ ರೋಮನರು ಕಂಡುಹಿಡಿದ ಶಿಕ್ಷೆಯಲ್ಲ. ಅವರಿಗಿಂತ ಮೊದಲೇ ಪಾರಸಿಕರಲ್ಲಿಯೂ ಕಾರ್ಥೇಜಿನವರಲ್ಲಿಯೂ ಇದ್ದುದು. ರೋಮನರು ಅದನ್ನು ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟರು. ರೋಮಿನ ನಾಗರಿಕನಿಗೆ ಸಾಮಾನ್ಯವಾಗಿ ಆ ಸಾವನ್ನು ವಿಧಿಸುತ್ತಿರಲಿಲ್ಲ. ಕ್ರಿ.ಪೂ. ೭೧ರಲ್ಲಿ ಸ್ಪಾರ್ಟಕಸನ ಗುಲಾಮರ ದಂಗೆ ಅಡಗಿದ ಮೇಲೆ ಸೆರೆಸಿಕ್ಕ ಸುಮಾರು ೬,೦೦೦ ಜನರನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರು. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಕತ್ತಿ ಸಾಕಾಗಿತ್ತು. ನಾಲ್ಕು ದಾರಿ ಕೂಡುವಲ್ಲಿ, ಬತ್ತಲೆಯಾಗಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸಾಯುವುದನ್ನು ಜನ ಕಾಣಬೇಕು, ಕಂಡು ಹೆದರಬೇಕು ಎಂಬುದೇ ಆ ದಂಡನೆಯ ತಿರುಳು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿಯೂ ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನು ಎಂಬ ಭಾವನೆ ಇತ್ತು. ಸರಕಾರದ ಲೆಕ್ಕದಲ್ಲಿ ದ್ರೋಹಿ, ದೇವಾಲಯದ ಲೆಕ್ಕದಲ್ಲಿ ಶಪ್ತ: ಅಂಥವನ ಗುರುತನ್ನು ಯಾರು ತಾನೆ ಕೊರಳಲ್ಲಿ ಕಟ್ಟಿಕೊಂಡಾರು?

ಆರಂಭದ ಕ್ರೈಸ್ತರನ್ನು ಜನ ನಕ್ಕುದು ಈ ಕಾರಣಕ್ಕಾಗಿಯೇ. ರೋಮಿನ ಪಲಟೈನ್ ಬೆಟ್ಟದ ಒಂದು ಗೋಡೆಯ ಮೇಲೆ, ಸುಮಾರು ಕ್ರಿ.ಶ. ೨೦೦ರ ಹೊತ್ತಿಗೆ ಯಾರೋ ಕೆತ್ತಿದ ಒಂದು ಕುಚೇಷ್ಟೆಯ ಚಿತ್ರ ಸಿಕ್ಕಿದೆ. ಕತ್ತೆಯ ತಲೆಯುಳ್ಳ ಮನುಷ್ಯನೊಬ್ಬ ಶಿಲುಬೆಯ ಮೇಲಿದ್ದಾನೆ. ಕೆಳಗೆ ಒಬ್ಬಾತ ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನನು ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬ ಅರ್ಥದ ಗೀಚುಬರಹ ಅದರ ಪಕ್ಕದಲ್ಲಿದೆ. ಶಿಲುಬೆಗೇರಿದ ಕ್ರಿಸ್ತನ ಚಿತ್ರಗಳಲ್ಲಿ ನಮಗೆ ದೊರೆತ ಅತ್ಯಂತ ಹಳೆಯವುಗಳಲ್ಲಿ ಒಂದು ಹೀಗೆ ಹಾಸ್ಯಗಾರನ ಕೈಯದು! ಭಕ್ತರೇ ಆ ದೃಶ್ಯವನ್ನು ಬಹಿರಂಗವಾಗಿ ಚಿತ್ರಿಸಿದುದು ಮುಂದೆ, ಕಾನ್‌ಸ್ಟಾಂಟೈನ್ ಚಕ್ರವರ್ತಿಯ ನಾಲ್ಕನೆಯ ಶತಮಾನದಲ್ಲಿ ಆ ಶಿಕ್ಷೆಯೇ ನಿಂತುಹೋದ ಮೇಲೆ. ರೋಮಿನ ಸಂತ ಸಬೀನಾ ಇಗರ್ಜಿಯ ಮರದ ಬಾಗಿಲಿನ ಕೆತ್ತನೆ ಐದನೆಯ ಶತಮಾನದ್ದು. ಶಿಲುಬೆಯನ್ನು ಕಣ್ಣಾರೆ ಕಂಡ ತಲೆಮಾರುಗಳಿಗೆ ಅದನ್ನು ಅಲಂಕಾರವಾಗಿ ಕಾಣುವುದು ಶಕ್ಯವಿರಲಿಲ್ಲ.

ಹಾಗಾದರೆ ಅವಮಾನದ ಗುರುತು ಭಕ್ತಿಯ ಗುರುತಾದುದು ಹೇಗೆ? ಸತ್ತವನು ಮೂರನೆಯ ದಿನ ಎದ್ದನೆಂಬ ನಂಬಿಕೆ ಶಿಷ್ಯರಲ್ಲಿ ಬೇರೂರಿತು. ಆ ನಂಬಿಕೆಯ ಕಡೆಯಿಂದ ತಿರುಗಿ ನೋಡಿದಾಗ ಶುಕ್ರವಾರದ ಸಾವು ಸೋಲಾಗಿ ಕಾಣಲಿಲ್ಲ. ಅದಕ್ಕೆ ಒಂದು ಪ್ರಯೋಜನ ಇದ್ದಿರಲೇಬೇಕು ಎನಿಸಿತು. ಐವತ್ತರ ದಶಕದಲ್ಲಿ, ಎಂದರೆ ಘಟನೆಯಾಗಿ ಒಂದು ತಲೆಮಾರು ಕಳೆಯುವುದರೊಳಗೆ, ಸಂತ ಪೌಲನು ಬರೆದ ಓಲೆಗಳಲ್ಲಿ ಕ್ರಿಸ್ತನು ನಮ್ಮ ಪಾಪಗಳಿಗೋಸ್ಕರ ಸತ್ತನೆಂಬ ಮಾತು ಬರುತ್ತದೆ. ಅದನ್ನು ತಾನೂ ಹಿರಿಯರಿಂದಲೇ ಪಡೆದೆನೆಂದು ಆತ ಹೇಳುತ್ತಾನೆ. ಯೆಹೂದ್ಯರ ಪಾಸ್ಕದ ಕುರಿಮರಿ, ಯೆಶಾಯನೆಂಬ ಪ್ರವಾದಿಯ ಗ್ರಂಥದಲ್ಲಿ ಇತರರ ನೋವನ್ನು ಹೊರುವ ಸೇವಕನ ವರ್ಣನೆ, ಇವೆರಡೂ ಆ ಮಾತಿಗೆ ಬೆನ್ನೆಲುಬಾದವು. ಕ್ರಿ.ಶ. ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಸಭೆಯೊಡನೆ ಹೆಸರುಗೊಂಡ, ಇಂದಿಗೂ ಇಗರ್ಜಿಗಳಲ್ಲಿ ಹೇಳುವ ವಿಶ್ವಾಸಸಂಗ್ರಹದಲ್ಲಿ, ಆತ ಪಿಲಾತನ ಕಾಲದಲ್ಲಿ ನಮಗೋಸ್ಕರ ಶಿಲುಬೆಗೇರಿಸಲ್ಪಟ್ಟನೆಂಬ ಅಂಶವಿದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ತ್ರಿತ್ವದ ಬಗ್ಗೆ, ಕ್ರಿಸ್ತನ ದೈವತ್ವದ ಬಗ್ಗೆ ಅಕ್ಷರ ಅಕ್ಷರಕ್ಕೂ ವಾದಮಾಡಿ ನಿರ್ಣಯ ಕೊಟ್ಟ ಆ ಪ್ರಾಚೀನ ಧರ್ಮಸಭೆಗಳು ಈ 'ನಮಗೋಸ್ಕರ' ಎಂಬುದರ ಅರ್ಥ ಇಂಥದೇ ಎಂದು ಕಟ್ಟುಮಾಡಲಿಲ್ಲ. ಒಂದು ವಿಭಕ್ತಿಯನ್ನು ಕೊಟ್ಟು ಸುಮ್ಮನಾದವು. ಪೌಲನು ಬಳಸಿದ ಗ್ರೀಕಿನ 'ಹುಪೆರ್' ಎಂಬ ಅವ್ಯಯಕ್ಕೂ ನಮ್ಮ 'ಓಸ್ಕರ'ಕ್ಕೂ ಬಹಳ ಹೋಲಿಕೆ. 'ನಮ್ಮ ಬದಲಿಗೆ' ಎಂದೂ ಆಗಬಹುದು, 'ನಮ್ಮ ಹಿತಕ್ಕೆ' ಎಂದೂ ಆಗಬಹುದು, 'ನಮ್ಮ ದೆಸೆಯಿಂದ' ಎಂದೂ ಆಗಬಹುದು. ಕೊಂಕಣಿಯ 'ಆಮ್ಚೆ ಖಾತಿರ್' ಎಂಬುದನ್ನು ಕೇಳಿ ನೋಡಿ, ಅಲ್ಲಿಯೂ ಹೀಗೆಯೇ. ಕ್ರೈಸ್ತ ಚಿಂತನೆಯ ಎರಡು ಸಾವಿರ ವರ್ಷಗಳನ್ನು ಈ ಮೂರು ಅರ್ಥಗಳ ನಡುವಿನ ಓಡಾಟವೆಂದು ತಿಳಿದರೆ ದೊಡ್ಡ ತಪ್ಪಾಗದು.

'ನಮ್ಮ ಬದಲಿಗೆ' ಎಂಬ ಅರ್ಥವನ್ನು ಸುವಾರ್ತೆಯ ಕಥೆಯೇ ಕಣ್ಣಮುಂದೆ ತರುತ್ತದೆ. ಹಬ್ಬದ ನಿಮಿತ್ತ ಒಬ್ಬ ಕೈದಿಯನ್ನು ಬಿಡುವಾಗ ಜನರು ಬರಬ್ಬನೆಂಬ ದಂಗೆಕೋರನನ್ನು ಕೇಳಿ ಪಡೆದರು. ಆತ ಏರಬೇಕಾಗಿದ್ದ ಶಿಲುಬೆಗೆ ಯೇಸು ಏರಿದನು. ಈ ಅರ್ಥಕ್ಕೆ ಶಾಸ್ತ್ರದ ರೂಪು ಕೊಟ್ಟವರಲ್ಲಿ ಪ್ರಮುಖನು ಆನ್ಸೆಲ್ಮ್. ಈತ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ. ದೇವರು ಏಕೆ ಮನುಷ್ಯನಾದ ಎಂಬ ಪ್ರಶ್ನೆಯನ್ನೇ ಹೆಸರಾಗಿ ಉಳ್ಳ ಆತನ ಗ್ರಂಥ ಸುಮಾರು ೧೦೯೮ರಲ್ಲಿ ಮುಗಿಯಿತು. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಉಳಿಸಿಕೊಂಡ ಬಾಕಿ. ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿಯುಳ್ಳವನು ದೇವರು. ಎರಡೂ ಆದವನೊಬ್ಬನೇ ತೀರಿಸಬಲ್ಲ ಎಂಬುದು ಆತನ ತರ್ಕ. ಒಡೆಯ-ಒಕ್ಕಲು ವ್ಯವಸ್ಥೆಯ ಯುರೋಪಿನಲ್ಲಿ ಹುಟ್ಟಿದ ತರ್ಕವಿದು. ಸಾಲಕ್ಕೆ ಜಾಮೀನು ನಿಂತು ಕಡೆಗೆ ತಾನೇ ತೆತ್ತವರನ್ನು ಕಂಡ ನಮ್ಮವರಿಗೂ ಇದು ಸುಲಭವಾಗಿ ಅರ್ಥವಾದೀತು. ಹದಿನಾರನೆಯ ಶತಮಾನದ ಸುಧಾರಕರು ಬಾಕಿಯ ಜಾಗದಲ್ಲಿ ಶಿಕ್ಷೆಯನ್ನಿಟ್ಟು, ನಮಗೆ ಬರಬೇಕಾದ ದಂಡನೆಯನ್ನು ಆತ ಹೊತ್ತನೆಂದು ವಿವರಿಸಿದರು.

'ನಮ್ಮ ಹಿತಕ್ಕೆ' ಎಂದವರಲ್ಲಿ ಹಳಬರು ಅದನ್ನು ಬಿಡುಗಡೆಯ ಬೆಲೆಯೆಂದು ತಿಳಿದರು. ಗುಲಾಮರನ್ನು ಹಣ ಕೊಟ್ಟು ಬಿಡಿಸುತ್ತಿದ್ದ ಕಾಲವದು. ಸೈತಾನನ ಒತ್ತೆಯಾಳಾಗಿದ್ದ ಮನುಷ್ಯಕುಲವನ್ನು ತನ್ನ ಪ್ರಾಣವಿತ್ತು ಬಿಡಿಸಿದನೆಂದು ಕೆಲವರು ಹೇಳಿದಾಗ ನಾಲ್ಕನೆಯ ಶತಮಾನದ ನಾಜಿಯಾನ್ಜಸಿನ ಗ್ರೆಗೊರಿ ಒಂದು ಪ್ರಶ್ನೆ ಹಾಕಿದನು: ಈ ಬೆಲೆ ಸಂದುದು ಯಾರಿಗೆ? ಸೈತಾನನಿಗೆ ಎಂದರೆ ಕಳ್ಳನಿಗೆ ಕಾಣಿಕೆ ಕೊಟ್ಟಂತಾಯಿತು. ತಂದೆಯಾದ ದೇವರಿಗೆ ಎಂದರೆ ಆತ ಮಗನ ರಕ್ತವನ್ನು ಬಯಸುವವನೆ? ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಈ ದಾನಕ್ಕೆ ಸಂಪ್ರದಾನಕಾರಕ ಯಾವುದು ಎಂಬ ಪ್ರಶ್ನೆಯಿದು. ಮುಂದೆ ಹನ್ನೆರಡನೆಯ ಶತಮಾನದ ಅಬೆಲಾರ್ಡನು ಕೊಡುಕೊಳ್ಳುವ ಲೆಕ್ಕವನ್ನೇ ಬದಿಗಿಟ್ಟು, ದೇವರು ನಮ್ಮನ್ನು ಎಷ್ಟು ಪ್ರೀತಿಸಿದನೆಂಬುದು ಶಿಲುಬೆಯಲ್ಲಿ ಕಾಣುತ್ತದೆ, ಅದನ್ನು ಕಂಡ ಮನಸ್ಸು ತಿರುಗುತ್ತದೆ ಎಂದನು.

'ನಮ್ಮ ದೆಸೆಯಿಂದ' ಎಂಬ ಮೂರನೆಯ ಅರ್ಥ ಎಲ್ಲಕ್ಕಿಂತ ಅಪಾಯಕರವಾಯಿತು. ಯಾರ ದೆಸೆಯಿಂದ ಎಂದು ಬೆರಳು ಹೊರಕ್ಕೆ ತಿರುಗಿದಾಗ ಯುರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರು ಕ್ರಿಸ್ತನ ಕೊಲೆಗಾರರೆಂಬ ಹಣೆಪಟ್ಟಿ ಹೊತ್ತು ಪೆಟ್ಟು ತಿಂದರು. ಶುಭ ಶುಕ್ರವಾರವೇ ಎಷ್ಟೋ ಊರುಗಳಲ್ಲಿ ಅವರು ಬಾಗಿಲು ಹಾಕಿಕೊಂಡು ಕೂರಬೇಕಾದ ದಿನವಾಯಿತು. ೧೫೬೬ರ ರೋಮನ್ ಧರ್ಮೋಪದೇಶ ಗ್ರಂಥವು ಆ ಸಾವಿಗೆ ಹೊಣೆ ಪಾಪಮಾಡುವ ಕ್ರೈಸ್ತರದೇ ಹೆಚ್ಚು ಎಂದು ಹೇಳಿದ್ದರೂ ಜನ ಕೇಳಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಪ್ರಕಟಿಸಿದ ಘೋಷಣೆಯಲ್ಲಿ, ಆ ದಿನದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಆ ಅಪರಾಧವನ್ನು ಹೊರಿಸಲಾಗದು ಎಂದು ಸ್ಪಷ್ಟಪಡಿಸಿತು. ವಿಭಕ್ತಿಯನ್ನು ತಪ್ಪಾಗಿ ಓದಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆಂದು ಮಕ್ಕಳಿಗೆ ಹೇಳುವವನು ನಾನು. ಇಲ್ಲಿ ಹೋದುದು ಜನರ ಪ್ರಾಣ.

ಈ ಮಾತು ನಮ್ಮ ಕರಾವಳಿಗೆ ಬಂದ ಬಗೆಯನ್ನು ಇನ್ನು ನೋಡೋಣ. ಪೋರ್ತುಗೀಜರ ಕಾಲದಲ್ಲಿ ಮಂಗಳೂರಿನ ರೊಸಾರಿಯೊ ಇಗರ್ಜಿ ೧೫೬೮ರಲ್ಲಿ ಸ್ಥಾಪಿತವಾಯಿತು. ಮುಂದೆ ಗೋವೆಯಿಂದ ಅಲೆಅಲೆಯಾಗಿ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ತಮ್ಮೊಡನೆ ತಂದ ಸಂಪತ್ತಿನಲ್ಲಿ ಒಂದು ಪುರಾಣವೂ ಇತ್ತು. ೧೫೭೯ರಲ್ಲಿ ಗೋವೆಗೆ ಬಂದ ತೋಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಬರೆದ 'ಕ್ರಿಸ್ತಪುರಾಣ' ಅದು. ೧೬೧೬ರಲ್ಲಿ ಮೊದಲು ಅಚ್ಚಾದ ಈ ಗ್ರಂಥದ ಭಾಷೆ ಕೊಂಕಣಿಯ ಬೆರಕೆಯುಳ್ಳ ಮರಾಠಿ, ಲಿಪಿ ರೋಮನ್, ಛಂದಸ್ಸು ನಮ್ಮ ನೆರೆಯವರ ಓವಿ. ಹನ್ನೊಂದು ಸಾವಿರದಷ್ಟು ಓವಿಗಳಲ್ಲಿ ಸೃಷ್ಟಿಯಿಂದ ಹಿಡಿದು ಕ್ರಿಸ್ತನ ಮರಣ, ಪುನರುತ್ಥಾನಗಳವರೆಗಿನ ಕಥೆ ಅದರಲ್ಲಿದೆ. ವಾದದಿಂದ ತಿಳಿಯದುದನ್ನು ಹಾಡಿ ತಿಳಿಸಬಹುದೆಂಬುದನ್ನು ಆ ಪರದೇಶಿ ಬಲ್ಲವನಾಗಿದ್ದನು. ಗದುಗಿನ ಭಾರತವನ್ನು ಮನೆಯ ಜಗಲಿಯಲ್ಲಿ ವಾಚಿಸಿ ಕೇಳಿದ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೯೦೭ರಲ್ಲಿ ಆ ಪುರಾಣವನ್ನು ಮರಳಿ ಅಚ್ಚಿಗೆ ತಂದುದೂ ನಮ್ಮ ಮಂಗಳೂರೇ. ಸಂಪಾದಿಸಿದವರು ಜೋಸೆಫ್ ಎಲ್. ಸಲ್ದಾನ್ಹಾ.

ಈ ಪುರಾಣಕ್ಕೆ ಅತ್ಯಂತ ಕಠಿನವಾದ ಪರೀಕ್ಷೆ ಒದಗಿದುದು ೧೭೮೪ರಲ್ಲಿ. ಎರಡನೆಯ ಮೈಸೂರು ಯುದ್ಧದಲ್ಲಿ ಕೆನರದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆ ಆರಂಭವಾದುದು ಫೆಬ್ರವರಿಯ ಒಂದು ದಿನ. ಅಂದು ಬೂದಿ ಬುಧವಾರ, ಶುಭ ಶುಕ್ರವಾರಕ್ಕೆ ಸಿದ್ಧರಾಗುವ ನಲವತ್ತು ದಿನಗಳ ವ್ರತದ ಮೊದಲ ದಿನ. ಹೋದವರ ಸಂಖ್ಯೆಯನ್ನು ಒಂದು ದಾಖಲೆ ೩೦,೦೦೦ ಎಂದರೆ ಇನ್ನೊಂದು ೬೦,೦೦೦ ಎನ್ನುತ್ತದೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಅಳಿದರು. ಮಿಲಾಗ್ರಿಸ್ ಮೊದಲಾದ ಇಗರ್ಜಿಗಳು ನೆಲಸಮವಾದವು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿ ಬಂದು ಮನೆ, ಮಂದಿರಗಳನ್ನು ಮತ್ತೆ ಕಟ್ಟಿದರು. ಅದು ಅರಸರ ಯುದ್ಧನೀತಿಯ ಕಥೆ. ಇಂದು ಇಗರ್ಜಿಯ ಗಂಟೆ, ಮಸೀದಿಯ ಬಾಂಗು ಎರಡನ್ನೂ ಕೇಳಿ ಬದುಕುವ ನಮ್ಮ ನೆರೆಹೊರೆಯ ಮೇಲೆ ಅದರ ಋಣವನ್ನು ಹೊರಿಸುವುದು ನ್ಯಾಯವಲ್ಲ. ಯೆಹೂದ್ಯರ ಕಥೆಯಿಂದ ನಾವು ಕಲಿಯಬೇಕಾದ ಪಾಠವೂ ಇದೇ ಅಲ್ಲವೆ?

ಪಾದ್ರಿಯಿಲ್ಲದ, ಪೂಜೆಯಿಲ್ಲದ ಆ ಹದಿನೈದು ವರ್ಷಗಳಲ್ಲಿ ಸೆರೆಯಾಳುಗಳು ಕ್ರಿಸ್ತಪುರಾಣವನ್ನು ಓದಿಕೊಂಡು, ಹಾಡಿಕೊಂಡು ನಂಬಿಕೆಯನ್ನು ಉಳಿಸಿಕೊಂಡರೆಂಬುದು ಆ ಸಮುದಾಯದಲ್ಲಿ ನಡೆದುಬಂದ ಮಾತು. ಒಮ್ಮೆ ಕಲ್ಪಿಸಿಕೊಳ್ಳಿ. ಸಂಕೋಲೆಯಲ್ಲಿರುವ ಮನುಷ್ಯನಿಗೆ ಆನ್ಸೆಲ್ಮನ ಬಾಕಿಯ ಲೆಕ್ಕ ಬೇಕಾಗಿತ್ತೆ? ತನ್ನ ದೇವರೂ ಸೆರೆಸಿಕ್ಕವನು, ಹೊಡೆತ ತಿಂದವನು, ಅನ್ಯಾಯದ ತೀರ್ಪಿಗೆ ತಲೆಕೊಟ್ಟವನು ಎಂಬುದೇ ಅವನಿಗೆ ಆಸರೆಯಾಗಿರಬೇಕು. ಅಲ್ಲಿ 'ನಮಗೋಸ್ಕರ' ಎಂಬುದು 'ನಮ್ಮೊಡನೆ' ಎಂದಾಗುತ್ತದೆ. ಪಂಡಿತರ ಮೂರು ಅರ್ಥಗಳಿಗೆ ಇದು ನಾಲ್ಕನೆಯದು, ನೊಂದವರು ಕೂಡಿಸಿದುದು. ಯುರೋಪಿನ ವಿದ್ವಾಂಸರಲ್ಲಿ ಇದನ್ನು ಬಲವಾಗಿ ಪ್ರತಿಪಾದಿಸಿದವರು ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್. ಶಿಲುಬೆಗೇರಿದ ದೇವರು ಎಂಬ ಅರ್ಥದ ಹೆಸರುಳ್ಳ ಅವರ ಗ್ರಂಥ ಹೊರಬಂದುದು ೧೯೭೨ರಲ್ಲಿ. ಅವರೂ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ೧೯೪೫ರಿಂದ ೧೯೪೮ರವರೆಗೆ ಯುದ್ಧಕೈದಿಯಾಗಿದ್ದವರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರ ಮುಂದಿದ್ದ ತೊಡಕು ಬೇರೆ. ಅವರು ಕನ್ನಡದಲ್ಲಿ ಹೇಳಬೇಕಾಗಿತ್ತು. ಕನ್ನಡದಲ್ಲಿ ಬಲಿ, ಯಜ್ಞ, ಪ್ರಾಯಶ್ಚಿತ್ತ ಎಲ್ಲವೂ ಆಗಲೇ ಇದ್ದವು, ತಮ್ಮ ತಮ್ಮ ಅರ್ಥದ ಹೊರೆಯನ್ನು ಹೊತ್ತುಕೊಂಡೇ. ತುಳುನಾಡಿನಲ್ಲಿ ಬಲಿ ಎಂದರೆ ಮನುಷ್ಯನು ದೈವಕ್ಕೆ ಕೊಡುವುದು. ಯಜ್ಞದಲ್ಲಿಯೂ ಯಜಮಾನನು ದೇವತೆಗಳಿಗೆ ಕೊಡುವುದು. ಶಿಲುಬೆಯ ಕಥೆಯಲ್ಲಿ ಕೊಡುವವನು ದೇವರು, ಪಡೆಯುವವನು ಮನುಷ್ಯ. ದಾನದ ದಿಕ್ಕೇ ತಿರುಗಿದೆ. ಈ ತೊಡಕನ್ನು ಚೆನ್ನಾಗಿ ಅರಿತವರು ಫರ್ಡಿನಂಡ್ ಕಿಟ್ಟೆಲ್. ೧೮೯೪ರ ಕನ್ನಡ ನಿಘಂಟಿನ ಕರ್ತೃವೆಂದು ಅವರನ್ನು ಬಲ್ಲೆವು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ೧೮೭೨ರಲ್ಲಿ ಅಚ್ಚುಮಾಡಿಸಿದವರೆಂದು ನಮ್ಮಂಥ ಕನ್ನಡದ ಮೇಷ್ಟರುಗಳು ಬಲ್ಲೆವು. ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ೧೮೬೨ರಲ್ಲಿ ಬರೆದರು. ವೇದಗಳ ಯಜ್ಞವಿಚಾರವನ್ನು ಎತ್ತಿಕೊಂಡು ಕ್ರಿಸ್ತನ ಬಲಿಯನ್ನು ವಿವರಿಸುವ 'ಯಜ್ಞಸುಧಾನಿಧಿ'ಯನ್ನೂ ರಚಿಸಿದರು. ಪುರುಷಸೂಕ್ತದಲ್ಲಿ 'ಪುರುಷ'ನೇ ಆಹುತಿಯಾಗುವ ಕಲ್ಪನೆಯನ್ನು ಬಲ್ಲ ನಾಡಿನಲ್ಲಿ ಅರ್ಪಿಸುವವನೂ ಅರ್ಪಿತವಾದುದೂ ಒಂದೇ ಎಂಬ ಮಾತಿಗೆ ಕಿವಿ ಇದ್ದೇ ಇತ್ತು. ಆದರೆ ಪುರುಷಸೂಕ್ತದ ಯಜ್ಞದಿಂದ ಹುಟ್ಟುವುದು ಜಗತ್ತು. ಶಿಲುಬೆಯಿಂದ ಬಯಸುವುದು ಕ್ಷಮೆ. ಎರಡನ್ನೂ ಒಂದೇ ಎನ್ನಲು ಬಾರದು.

ಎಲ್ಲರೂ ಈ ನಂಬಿಕೆಯನ್ನು ಒಪ್ಪಿದರೆಂದಲ್ಲ. ಕಾಟಿಪಳ್ಳದ ನನ್ನ ಮುಸ್ಲಿಂ ನೆರೆಯವರು ಈಸಾ ಎಂದು ಯೇಸುವನ್ನು ಪ್ರವಾದಿಗಳ ಸಾಲಿನಲ್ಲಿ ಗೌರವಿಸುತ್ತಾರೆ. ಆದರೆ ಅವರು ಶಿಲುಬೆಗೇರಲಿಲ್ಲ, ದೇವರು ಅವರನ್ನು ತನ್ನೆಡೆಗೆ ಎತ್ತಿಕೊಂಡನು ಎಂಬುದು ಕುರಾನಿನ ಉಪದೇಶ. ತನ್ನವನನ್ನು ದೇವರು ಅಂಥ ಅವಮಾನಕ್ಕೆ ಬಿಟ್ಟಾನೆಯೆ ಎಂಬ ಭಾವ ಅಲ್ಲಿದೆ. ಗಾಂಧೀಜಿಯವರು ಆತ್ಮಕಥೆಯಲ್ಲಿ, ಯೇಸುವಿನ ಮರಣವು ಜಗತ್ತಿಗೆ ಒಂದು ಮಹಾ ನಿದರ್ಶನವೆಂಬುದನ್ನು ಒಪ್ಪಿ, ಅದರಲ್ಲಿ ಪಾಪವನ್ನು ಕಳೆಯುವ ಗೂಢಶಕ್ತಿ ಇದೆಯೆಂಬುದನ್ನು ಮಾತ್ರ ತಾವು ಒಪ್ಪಲಾರದೆ ಹೋದುದಾಗಿ ತಿಳಿಸಿದ್ದಾರೆ. ಅದೇ ಗಾಂಧೀಜಿ ೧೯೩೧ರ ಡಿಸೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿನಿಂದ ಮರಳುವಾಗ ರೋಮಿಗೆ ಹೋಗಿ, ವ್ಯಾಟಿಕನ್ನಿನಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನ ಪ್ರತಿಮೆಯೊಂದರ ಮುಂದೆ ಕಣ್ಣೀರು ತುಂಬಿ ನಿಂತರು. ಸಿದ್ಧಾಂತವನ್ನು ಒಪ್ಪದವನ ಕಣ್ಣನ್ನೂ ಆ ದೃಶ್ಯ ಬಿಡಲಿಲ್ಲ.

ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳೂ ಹೀಗೆಯೇ. ಹುಟ್ಟಿನಿಂದ ಗೌಡ ಸಾರಸ್ವತರಾದ ಅವರು ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿ ಬರೆದರು. ಬುದ್ಧನ ಕಡೆಯ ದಿನವನ್ನು 'ವೈಶಾಖಿ'ಯಾಗಿ ಬರೆದುದು ಅದರ ಜೋಡಿ. ಗೊಲ್ಗೊಥಾ ಎಂದರೆ ಅರಮೀಯದಲ್ಲಿ ತಲೆಬುರುಡೆಯ ಸ್ಥಳ. ಬುದ್ಧನು ಶಿಷ್ಯರ ನಡುವೆ ಶಾಂತವಾಗಿ ಪರಿನಿರ್ವಾಣ ಹೊಂದಿದನು. ಯೇಸು ಇಬ್ಬರು ಅಪರಾಧಿಗಳ ನಡುವೆ ಸತ್ತನು. ಮಹಾತ್ಮರ ಬಾಳಿನ ಬೆಲೆ ಅವರ ಕೊನೆಯ ದಿನದಲ್ಲಿ ತಿಳಿಯುತ್ತದೆಂದು ಆ ಕವಿಗೆ ತೋರಿರಬೇಕು.

ಇನ್ನು ಹುಡುಗನ ಪ್ರಶ್ನೆ. ಸಾವಿನ ದಿನ 'ಶುಭ'ವಾದುದರ ಲೆಕ್ಕ ಸುಲಭ: ಇಂಗ್ಲಿಷಿನ 'ಗುಡ್' ಎಂಬುದಕ್ಕೆ ಹಿಂದೆ ಪವಿತ್ರವೆಂಬ ಅರ್ಥವಿತ್ತು; ಅದನ್ನು ನಾವು ಶುಭವೆಂದು ಕನ್ನಡಿಸಿದೆವು. ಪೋರ್ತುಗೀಜರು ಅದನ್ನು ಪವಿತ್ರ ಶುಕ್ರವಾರವೆಂದೇ ಕರೆಯುತ್ತಾರೆ, ಜರ್ಮನರು ಶೋಕದ ಶುಕ್ರವಾರವೆಂದು. ಅಜ್ಜನ ಮನೆಯ ಲೆಕ್ಕ ಅಷ್ಟು ಸುಲಭವಲ್ಲ. ರಜೆ ಕಳೆದು ತರಗತಿಗೆ ಹೋದಾಗ ನಾನು ಅವನನ್ನು ಎಬ್ಬಿಸಿ ನಿಲ್ಲಿಸಿ ಹೇಳಿದುದು ಇಷ್ಟು: "ನೀನು ಕೇಳಿದ್ದು ಸರಿ. ವಿಭಕ್ತಿ ಎರಡೂ ಕಡೆ ಒಂದೇ, ಕ್ರಿಯಾಪದ ಬೇರೆ. ಒಂದು ತಾನಾಗಿ ಕೊಟ್ಟದ್ದು, ಇನ್ನೊಂದು ಕೊಡಬೇಕಾಗಿ ಬಂದದ್ದು. ರೋಮನರು ಆತನ ಪ್ರಾಣವನ್ನು ಕಸಿದುಕೊಂಡರು, ಅದು ಅನ್ಯಾಯವೇ. ಆತ ಅದನ್ನು ಪ್ರೀತಿಯಿಂದ ಕೊಟ್ಟ ಎಂಬುದು ಕ್ರೈಸ್ತರ ನಂಬಿಕೆ. ಕೊಟ್ಟದ್ದು ದೊಡ್ಡದಾಯಿತೆಂದು ಕಸಿದದ್ದು ಒಳ್ಳೆಯದಾಗುವುದಿಲ್ಲ."

ಹುಡುಗ ಸ್ವಲ್ಪ ಯೋಚಿಸಿ, "ಹಾಗಾದರೆ ಅಜ್ಜನನ್ನೇ ಕೇಳುತ್ತೇನೆ ಸರ್, ಅವರು ಕೊಟ್ಟದ್ದೋ, ಬಿಟ್ಟದ್ದೋ ಎಂದು" ಎಂದ. ಮುಂದಿನ ಬೆಂಚಿನ ಹುಡುಗಿ ಹಿಂತಿರುಗಿ ಅವನನ್ನು ನೋಡಿದಳು. ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದರ ಕಥೆಯನ್ನು ಅವಳು ಬಲ್ಲಳು. ಸಿರೇನೆಯ ಸಿಮೋನ ಎಂಬ ದಾರಿಹೋಕನನ್ನು ಸೈನಿಕರು ಹಿಡಿದು ನಿಲ್ಲಿಸಿ ಯೇಸುವಿನ ಶಿಲುಬೆಯನ್ನು ಹೊರಿಸಿದರು; ಅವನನ್ನೂ ಯಾರೂ ಕೇಳಿರಲಿಲ್ಲ. ಆದರೂ ಇಗರ್ಜಿಯ ಗೋಡೆಯ ಮೇಲೆ ಅವನಿಗೆ ಒಂದು ಜಾಗವಿದೆ. ಮುಂದಿನ ಶುಭ ಶುಕ್ರವಾರ ನಿಮ್ಮ ಊರಿನ ಇಗರ್ಜಿಯ ಗಂಟೆ ಕೇಳದೆ ಹೋದಾಗ, ವಾಚಕರೆ, ಯಾರಿಗೋಸ್ಕರ ಎಂಬ ಪ್ರಶ್ನೆಯ ಜತೆಗೆ ಕೊಟ್ಟವರಾರು, ಕೊಡಬೇಕಾಗಿ ಬಂದವರಾರು ಎಂಬುದನ್ನೂ ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿಕೊಳ್ಳಿ.